ಕಾಶಮ್ಮನ ನೆಟ್ಟು, ಮಗಳ ಕೈಮಾತು

ಬಾಣಸವಾಡಿ ರೈಲ್ವೆ ಸ್ಟೇಷನ್ನಿನ ಹಿಂದಿನ ಆ ವಠಾರದಲ್ಲಿ ಕಾಶಮ್ಮನಿಗೆ ಇಲ್ಲ ಅನ್ನಲು ಬಾರದು ಎಂಬುದು ಎಲ್ಲರಿಗೂ ಗೊತ್ತು. ಹಾಲಿಗೆ ಹೆಪ್ಪು ಬೇಕೆ, ಕಾಶಮ್ಮ. ಮದುವೆಗೆ ಉಡಲು ಒಳ್ಳೆಯ ಸೀರೆ ಬೇಕೆ, ಅದಕ್ಕೂ ಕಾಶಮ್ಮ. ರಾಯಚೂರಿನ ಕಡೆಯಿಂದ ಬಂದು, ಕುಕ್ ಟೌನಿನ ಬಂಗಲೆಯೊಂದರಲ್ಲಿ ಅಡುಗೆ ಮಾಡುತ್ತ ಬದುಕು ಕಟ್ಟಿಕೊಂಡ ಹೆಂಗಸು.

ಮನೆಗೆ ಇಂಟರ್ನೆಟ್ ಹಾಕಿಸಿದ್ದು ಮಗಳಿಗಾಗಿ. ಪ್ರಿಯದರ್ಶಿನಿಗೆ ಹುಟ್ಟಿನಿಂದ ಕಿವಿ ಕೇಳದು. ಮೈಸೂರಿನಲ್ಲಿ ಕಿವುಡ ಮಕ್ಕಳಿಗೆ ಪಾಠ ಹೇಳುವ ತರಬೇತಿಗೆ ಸೇರಿದ್ದಾಳೆ. ಬೇರೆಯವರ ಮಕ್ಕಳು ಫೋನಿನಲ್ಲಿ ಹಲೋ ಅಂದರೆ ಸಾಕು. ಇವಳ ಮಾತೆಲ್ಲ ಕೈಯಲ್ಲಿ, ಅದಕ್ಕೆ ವಿಡಿಯೋನೇ ಬೇಕು. ದಿನಾ ಸಂಜೆ ತಾಯಿ ಮಗಳು ಪರದೆಯಲ್ಲಿ ಎದುರುಬದುರು ಕೂರುತ್ತಾರೆ.

ಈಚೆಗೆ ಆ ಕೈ ಅರ್ಧಕ್ಕೇ ನಿಂತುಬಿಡುತ್ತಿತ್ತು. ಬೆರಳು ಹಣೆ ಮುಟ್ಟುವಷ್ಟರಲ್ಲಿ ಚಿತ್ರ ಕಲ್ಲಾಗುತ್ತಿತ್ತು. ಮತ್ತೆ ಕದಲುವಾಗ ಮಗಳು ಬೇರೇನೋ ಹೇಳುತ್ತಿರುತ್ತಿದ್ದಳು. ತಿಳಿಯಲಿಲ್ಲ ಅಂದರೆ ಹುಡುಗಿ ನೊಂದುಕೊಂಡಾಳು ಎಂದು ಕಾಶಮ್ಮ ಸುಮ್ಮನೆ ತಲೆಯಾಡಿಸುತ್ತಿದ್ದಳು. ಫೋನಿಟ್ಟ ಮೇಲೆ ಬಡಿಸಿಕೊಂಡ ಅನ್ನ ತಟ್ಟೆಯಲ್ಲೇ ಉಳಿಯುತ್ತಿತ್ತು.

ಕೊನೆಗೆ ಮೇಲ್ಮನೆಯ ಬಸವಪ್ರಭುವನ್ನು ಕರೆದಳು. ದಾವಣಗೆರೆಯವನು, ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ. ಲ್ಯಾಪ್‌ಟಾಪ್ ತಂದು ಸ್ಪೀಡ್ ಟೆಸ್ಟ್ ಒತ್ತಿದ. ಪರದೆಯ ಮುಳ್ಳು ತುಸುವೇ ಏರಿ ಏದುಸಿರು ಬಿಟ್ಟಿತು. ಬೀರುವಿನ ಮೇಲಿದ್ದ ರೌಟರನ್ನು ಕೆಳಗಿಳಿಸಿದ, ನೇರ ವೈರು ಎಳೆದು ಸಿಕ್ಕಿಸಿದ, ಮುಳ್ಳು ಜಗ್ಗಲಿಲ್ಲ.

"ಇನ್ಯಾವ್ದಾದ್ರೂ ನೆಟ್ ಎಳೀತಿದೆಯಾ ಆಂಟಿ? ಟಿವಿ ಏನಾದ್ರೂ?"

"ನಮ್ಮನೇಲಿ ಟಿವಿನೇ ಇಲ್ವಲ್ಲಪ್ಪ."

"ಹಾಗಾದ್ರೆ ಒಂದ್ಸಲ ಆಫ್ ಮಾಡಿ ಆನ್ ಮಾಡೋಣ."

ಸ್ವಿಚ್ ಆರಿಸಿದ್ದೇ ತಡ, ವಠಾರಕ್ಕೆ ವಠಾರವೇ ಬಾಯಿಬಿಟ್ಟಿತು. ಪಕ್ಕದ ಮನೆಯ ಜಟ್ಟೆಮ್ಮ ಸೌಟು ಹಿಡಿದೇ ಓಡಿಬಂದಳು. "ಕಾಶಮ್ಮ, ನೆಟ್ ಹೋಯ್ತಾ? ಸೀರಿಯಲ್ ನಿಂತೋಯ್ತು!" ಎದುರುಮನೆಯ ಜಿಯಾವುಲ್ಲಾ ಬಾಗಿಲಿಗೆ ಬಂದ. "ಅಕ್ಕಾ, ಮ್ಯಾಚ್ ನೋಡ್ತಿದ್ದೆ, ಏನಾಯ್ತು?" ಮಹಡಿಯಿಂದ ಬಸವಪ್ರಭುವಿನ ಹೆಂಡತಿ ಅಂಜಲಿಯ ಕೂಗು: "ರೀ, ವೈಫೈ ಬರ್ತಿಲ್ಲ!" ಬಸವಪ್ರಭು ತಲೆ ತಗ್ಗಿಸಿ ವೈರಿನ ಪಿನ್ನನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದ.

ಇನ್ನು ಪರೀಕ್ಷೆ ಬೇಕಿರಲಿಲ್ಲ. ಕೇಳಿದವರಿಗೆಲ್ಲ ಪಾಸ್‌ವರ್ಡ್ ಕೊಟ್ಟವಳು ಕಾಶಮ್ಮನೇ. ಹೆಪ್ಪು ಕೊಟ್ಟರೆ ಮನೆಯ ಮೊಸರೇನು ಕಮ್ಮಿಯಾದೀತೇ? ಇದೂ ಹಾಗೇ ಅಂದುಕೊಂಡಿದ್ದಳು, ಪಾಪ.

"ಪಾಸ್‌ವರ್ಡ್ ಬದಲಾಯಿಸ್ಬಿಡಿ ಆಂಟಿ, ನಮಗೂ ಹೇಳ್ಬೇಡಿ," ಎಂದು ಬಸವಪ್ರಭು ಪಿಸುಗುಟ್ಟಿದ.

ಕಾಶಮ್ಮನಿಗೆ ಅದು ಉಣ್ಣುತ್ತ ಕೂತವರ ಮುಂದಿನ ಎಲೆ ಎಳೆದುಕೊಂಡ ಹಾಗೆ ಕಂಡಿತು. ಆದರೆ ಸುಮ್ಮನಿರಲೂ ಆಗಲಿಲ್ಲ. "ನನ್ ಮಗ್ಳ ಕೈ ನಿಂತೋಗುತ್ತೆ ಕಣ್ರೇ," ಎಂದಳು. "ಏನ್ ಹೇಳ್ತಾಳೋ ಒಂದೂ ತಿಳಿಯಲ್ಲ. ಅವ್ಳು ಮಾತಾಡಿ ಮುಗಿಸೋವರ್ಗೂ ಯಾರೂ ನೆಟ್ ಮುಟ್ಬೇಡಿ."

"ಇದನ್ನ ಮುಂಚೇನೇ ಬೊಗಳೋಕೆ ಏನಾಗಿತ್ತು ನಿಂಗೆ?" ಎಂದು ಜಟ್ಟೆಮ್ಮ ಬೈದು, ಟಿವಿ ಆರಿಸಲು ಹೋದಳು. ಉಳಿದವರೂ ಫೋನುಗಳ ವೈಫೈ ತೆಗೆದರು. ರೌಟರ್ ಹಚ್ಚಿ ಮತ್ತೆ ಟೆಸ್ಟ್ ಒತ್ತಿದಾಗ ಮುಳ್ಳು ಸರ್ರನೆ ಮೇಲೇರಿತು.

ಅಷ್ಟರಲ್ಲಿ ಕರೆ ಬಂತು. ಮಗಳ ಕೈ ಎಲ್ಲೂ ನಿಲ್ಲಲಿಲ್ಲ. ಹಾಸ್ಟೆಲಿನ ನೀರಂಥ ಸಾರು, ಪಾಠದಲ್ಲಿ ತುಂಟಾಟ ಮಾಡಿದ ಮಗು, ಎಲ್ಲ ಒಂದೊಂದಾಗಿ ಬಂತು. ಕಾಶಮ್ಮ ನಡುವೆ ಬಾಯಿ ಹಾಕುವಂತೆ ಕೈ ಹಾಕಿ ಕೇಳಿದಳು, ಗದರಿದಳು, ನಕ್ಕಳು. ಪ್ರಿಯದರ್ಶಿನಿ ಇದ್ದಕ್ಕಿದ್ದಂತೆ ಕೈ ಇಳಿಸಿ ಅವ್ವನನ್ನೇ ನೋಡಿದಳು. ಅವಳ ಕಣ್ಣು ತುಂಬಿತ್ತು. ಆಮೇಲೆ ನಿಧಾನವಾಗಿ ಕೈಯಾಡಿಸಿದಳು:

ನನ್ನ ಕೈಮಾತು ನಿನಗೆ ಮರೆತುಹೋಗ್ತಾ ಇದೆ ಅಂದ್ಕೊಂಡಿದ್ದೆ ಅವ್ವಾ.