ವಾರಿಜಕ್ಕನ ಭಟ್ಟರು ಮತ್ತು ನಾನು ತಿಂದ ದೋಸೆ

ದೆವ್ವದ ಕತೆಗಳ ಮೇಲೆ ವಿಮರ್ಶೆ ಬರೆಯುವವನಿಗೆ ಬೇಕಾದ ಮೊದಲ ಅರ್ಹತೆ ದೆವ್ವವನ್ನು ನಂಬದಿರುವುದು ಎಂದು ನಾನು ತಿಳಿದಿದ್ದೆ. ಆ ಅರ್ಹತೆ ನನ್ನಲ್ಲಿ ಧಾರಾಳವಾಗಿತ್ತು. ಹಾಗಂತ ನಾನು ಧೈರ್ಯವಂತನಲ್ಲ. ಬ್ಯಾಂಕಿನ ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ಊಟ ಬಿಟ್ಟು ಎದ್ದು ಹೋದವನು. ಅಸಿಡಿಟಿ, ಬಿ.ಪಿ., ವರ್ಗಾವಣೆ, ಮಗಳ ಬಾಯಲ್ಲಿ ದಿನದಿನಕ್ಕೆ ಮರಾಠಿಯಾಗುತ್ತಿರುವ ಕನ್ನಡ, ಎಲ್ಲಕ್ಕೂ ಹೆದರುತ್ತೇನೆ. ಇಷ್ಟೊಂದು ಹೆದರಿಕೆಗಳ ನಡುವೆ ದೆವ್ವಕ್ಕೆ ಜಾಗ ಸಿಕ್ಕಿರಲಿಲ್ಲ, ಅಷ್ಟೇ.

ಧಾರವಾಡದಿಂದ ನಾಸಿಕ್‌ಗೆ ವರ್ಗವಾಗಿ ಬಂದ ಮೇಲೆ ಓದಲು ಸಿಕ್ಕವು ವಾರಿಜಕ್ಕನ ಕತೆಗಳು. ವಾರಿಜಕ್ಕ ಕುಂದಾಪುರದ ಕಡೆಯವರು. ಛತ್ರಪತಿ ಸಂಭಾಜಿನಗರದಲ್ಲಿ ಗಂಡ ಬಿಟ್ಟುಹೋದ ಸಸ್ಯಾಹಾರಿ ಹೋಟೆಲು ನಡೆಸುತ್ತಾರೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಚಿಲ್ಲರೆ ಕೊಡುವ ಬಿಡುವಿನಲ್ಲೇ ಭಯದ, ಮಾಯೆಯ ಕತೆಗಳನ್ನು ಬರೆಯುತ್ತಾರೆ. ಅವರ ದೆವ್ವಗಳು ಬಿಳಿ ಸೀರೆ ಉಟ್ಟು ಹಾಡುವುದಿಲ್ಲ. ಅವಕ್ಕೆ ಕೆಲಸವಿರುತ್ತದೆ. ಒಂದು ಕತೆಯಲ್ಲಿ ಪೈಠಣದ ಜಲಾಶಯದ ತಳದಲ್ಲಿ ಮುಳುಗಿದ ಊರಿನವರು ವಾರಕ್ಕೊಮ್ಮೆ ಸಂತೆ ನಡೆಸುತ್ತಾರೆ, ತೂಕದಲ್ಲಿ ಮೋಸವನ್ನೂ ಮಾಡುತ್ತಾರೆ. ಹೆದರಿಸುವುದಕ್ಕಲ್ಲ, ಬಾಕಿ ಉಳಿದ ಕೆಲಸಕ್ಕೆ ಬರುವ ಈ ಸತ್ತವರನ್ನು ಕುರಿತು ನಾನೊಂದು ದೊಡ್ಡ ಪ್ರಬಂಧವನ್ನೇ ಬರೆದೆ.

ಅವರ ಹೆಸರಾದ ಕತೆ ಒಬ್ಬ ಅಡುಗೆ ಭಟ್ಟರದ್ದು. ಗಿರಾಕಿ ಮರಾಠಿಯಲ್ಲಿ ಹೇಳಿದ್ದನ್ನು ಸಪ್ಲೈಯರು ಕನ್ನಡದಲ್ಲಿ ಒಳಗೆ ಕೂಗುವುದು, ಒಳಗಿನಿಂದ "ಬಂತೂ" ಎಂದು ಓಗೊಡುವುದು ಅಲ್ಲಿಯ ಕನ್ನಡಿಗರ ಹೋಟೆಲುಗಳ ಪದ್ಧತಿ. ಕತೆಯ ಭಟ್ಟರು ಸತ್ತ ಮೇಲೂ ಓಗೊಡುತ್ತಾರೆ. ನಾನು ಬರೆದಿದ್ದೆ: "ಈ ಭಟ್ಟರು ಪರವೂರಿನ ಒಂಟಿತನದ ರೂಪಕ. ಲೇಖಕಿಯ ಕಲ್ಪನೆಯ ಹೊರಗೆ ಅವರು ಎಲ್ಲೂ ಇಲ್ಲ."

ಬರೆದದ್ದನ್ನು ಅವರಿಗೇ ಕಳಿಸಿದೆ. ಮುನಿಸಿಕೊಳ್ಳಬಹುದೆಂದು ಮಾಮೂಲಿನಂತೆ ಚಿಂತಿಸುತ್ತಿರುವಾಗ ಫೋನು ಬಂತು.

"ಸರ್, ಆ ಮಾತು ಇಲ್ಲಿಗೆ ಬಂದು ಎಲ್ಲರೆದುರು ಓದ್ಬೇಕು ಮಾರಾಯ್ರೆ. ಕತೆ ಬಂದಲ್ಲಿಂದ, ಆ ಭಟ್ಟರು ಇಲ್ಲೇ ಇದ್ದಾರೆ ಅಂತ ಹೆದರಿ, ಒಬ್ಬ ಅಡುಗೆಯವನೂ ನಿಲ್ಲುದಿಲ್ಲ. ಈಗ ಮಂಜುನಾಥ ಅಂತ ಬಂದಿದ್ದಾನೆ, ಒಳ್ಳೆ ಕೈ. ಅವನೂ ಗಂಟು ಕಟ್ತಾ ಇದ್ದಾನೆ. ಅವ ಹೋದ್ರೆ ಹೋಟ್ಲು ಮುಚ್ಚುದೇ."

"ಸುಳ್ಳ ಕತಿ ಅಂತ ನೀವಽ ಹೇಳ್ರಲ್ಲ ಅಕ್ಕಾರ."

"ಬರ್ದದ್ದೇ ನಾನಲ್ವಾ, ನನ್ನನ್ನು ಯಾರು ನಂಬ್ತಾರೆ? ನೀವು ಬ್ಯಾಂಕಿನವ್ರು."

ನನ್ನ ವಿಮರ್ಶೆಯಿಂದ ಯಾರಿಗಾದರೂ ಉಪಯೋಗವಾಗುವ ಸಂದರ್ಭ ಅದೇ ಮೊದಲು. ಹಿಗ್ಗಿ ಹೋದೆ. ಬಸ್ಸಿನ ಬೋರ್ಡಿನ ಮೇಲೆ ಊರಿನ ಹೊಸ ಹೆಸರಿತ್ತು, ಕಂಡಕ್ಟರನ ಬಾಯಲ್ಲಿ ಹಳೆಯದೇ. ಬಸ್ಸು ಯೇವಲಾದಲ್ಲಿ ನಿಂತಾಗ ಹೊಟ್ಟೆ ಕೆಟ್ಟೀತೆಂದು ಏನೂ ತಿನ್ನಲಿಲ್ಲ. ಹೋಗಿ ಮುಟ್ಟಿದಾಗ ಮಧ್ಯಾಹ್ನದ ಊಟದ ಹೊತ್ತು ಮುಗಿದು ಹೋಟೆಲಿನ ಶಟರು ಅರ್ಧ ಇಳಿದಿತ್ತು.

"ಊಟ ಆಯ್ತಾ ಸರ್?" ಎಂದರು ವಾರಿಜಕ್ಕ.

"ಆಗೇದ್ರಿ ಅಕ್ಕಾರ."

"ಸುಳ್ಳು ಹೇಳ್ಬೇಡಿ."

"ಇಲ್ರಿ, ಖರೇನಽ ಆಗೇದ."

ನಮ್ಮ ಕಡೆ ಹಸಿದು ಬಂದವನು ಹೀಗೇ ಹೇಳಬೇಕು, ಮನೆಯವರು ಇನ್ನೊಂದು ಸಲ ಒತ್ತಾಯ ಮಾಡಬೇಕು. ವಾರಿಜಕ್ಕ ಮಾಡಲಿಲ್ಲ. ಮೇಲಿನ ಹಾಲಿನಲ್ಲಿ ಕುರ್ಚಿ ಹಾಕಿಸಿ ಬರುತ್ತೇನೆಂದು ಹೋಗಿಬಿಟ್ಟರು.

ಖಾಲಿ ಹೋಟೆಲಿನಲ್ಲಿ ಹಸಿವೆ ಜೋರಾಯಿತು. ಅಡುಗೆಮನೆಗೂ ಊಟದ ಹಾಲಿಗೂ ನಡುವೆ ಒಂದು ಕಿಟಕಿ. ಕತೆಯಲ್ಲಿರುವುದು ಇದೇ ಅಲ್ಲವೇ ಎಂದು ನಗು ಬಂತು. ಸಪ್ಲೈಯರ ಹಾಗೆ ಕೂಗಿದೆ: "ಒಂದು ಮಸಾಲೆ, ಖಾರ ಬ್ಯಾಡ!"

"ಬಂತೂ" ಎಂದಿತು ಒಳಗಿನಿಂದ ಒಂದು ದನಿ.

ಹೆದರಿದೆನೇ? ಇಲ್ಲ, ನಾಚಿದೆ. ಮಂಜುನಾಥ ಒಳಗಿದ್ದಾನೆ, ಊಟವಾಗಿದೆ ಎಂದವನು ಈಗ ದೋಸೆ ಕೂಗಿದ್ದು ಅವನಿಗೆ ಕೇಳಿಸಿತು, ವಾರಿಜಕ್ಕನಿಗೂ ಹೇಳುತ್ತಾನೆ ಎಂದು ಕಿವಿ ಬಿಸಿಯಾಯಿತು. ಬೇಡ ಎನ್ನುವಷ್ಟರಲ್ಲಿ ಕಿಟಕಿಯ ಕಟ್ಟೆಯ ಮೇಲೆ ತಟ್ಟೆ ಇತ್ತು. ಇಟ್ಟ ಕೈ ನಾನು ನೋಡಲಿಲ್ಲ. ನನ್ನ ಕಣ್ಣು ಮೆಟ್ಟಿಲ ಮೇಲಿತ್ತು. ಯಾರಾದರೂ ಇಳಿದು ಬಂದಾರೆಂದು ನಿಂತೇ ಗಬಗಬ ತಿಂದೆ. ಬಿಸಿ ಇತ್ತು. ಒಳಗೆ ಕೆಂಪು ಚಟ್ನಿ ಸವರಿರಲಿಲ್ಲ.

ತಟ್ಟೆ ತೊಳೆದಿಡಲು, ಯಾರಿಗೂ ಹೇಳಬೇಡಪ್ಪಾ ಎಂದು ಕೇಳಿಕೊಳ್ಳಲು ಒಳಗೆ ಹೋದೆ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ದೀಪ ಆರಿತ್ತು. ಹಿಂಬಾಗಿಲಿಗೆ ಒಳಗಿನಿಂದ ಚಿಲಕ. ತಟ್ಟೆಯನ್ನು ನಲ್ಲಿಯ ಕೆಳಗೆ ತೊಳೆದು ಸಾಲಿನಲ್ಲಿ ಇಟ್ಟೆ. ಆಮೇಲೆ, ಯಾಕೆಂದು ತಿಳಿಯದೆ, ದೋಸೆಯ ಹಂಚಿನ ಮೇಲೆ ಅಂಗೈ ಊರಿದೆ. ತಣ್ಣಗಿತ್ತು. ಆಗ ಬೆನ್ನ ಹಿಂದೆ ಯಾರೋ ಕೆಮ್ಮಿದರು.

ಮೇಲಿನಿಂದ ಇಳಿದು ಬಂದಿದ್ದ ಮಂಜುನಾಥ. "ಚಾ ಬೇಕಿತ್ತಾ ಸರ್? ಒಲೆ ಇನ್ನು ಹಚ್ಚಬೇಕಷ್ಟೆ" ಎಂದವನು ನನ್ನ ಕೈ ನೋಡಿದ, ಹಂಚು ನೋಡಿದ, ಮುಖ ನೋಡಿದ.

"ಸುಮ್ನಽ ನೋಡ್ಲಿಕ್ಹತ್ತಿದ್ದೆ" ಎಂದೆ.

ಸಂಜೆ ಮೇಲಿನ ಹಾಲು ಜನರಿಂದ ತುಂಬಿತ್ತು. ನಮ್ಮಂಥ ಬ್ಯಾಂಕಿನವರು, ಹೋಟೆಲು ಕುಟುಂಬಗಳು, ಕನ್ನಡ ತಿಳಿದರೂ ಮರಾಠಿಯಲ್ಲೇ ಪಿಸುಗುಡುವ ಮಕ್ಕಳು. ಮಂಜುನಾಥ ಹೆಗಲ ಮೇಲೆ ಟವೆಲು ಹಾಕಿಕೊಂಡು ಬಾಗಿಲಿಗೊರಗಿ ನಿಂತಿದ್ದ. ಪ್ರಬಂಧದಲ್ಲಿ ಮುಳುಗಿದ ಊರಿನ ಸಂತೆಯ ಭಾಗವನ್ನು ಚೆನ್ನಾಗಿಯೇ ಓದಿದೆ. ಭಟ್ಟರ ಪುಟ ಬಂತು. ವಾರಿಜಕ್ಕ ಕುರ್ಚಿಯ ತುದಿಗೆ ಸರಿದು ಕೂತರು. "ಈ ಭಟ್ಟರು" ಎಂದೆ. ಮುಂದಿನ ಮಾತು ಕಣ್ಣೆದುರು ಕಪ್ಪಗೆ ಅಚ್ಚಾಗಿತ್ತು. ಬಾಯಿಗೆ ಬರಲಿಲ್ಲ. ಎರಡು ಸಲ ನೀರು ಕುಡಿದೆ.

"ಈ ಭಟ್ಟರ ಬಗ್ಗೆ ಇನ್ನಷ್ಟು ಅಧ್ಯಯನ ನಡೆಯಬೇಕಾಗಿದೆ" ಎಂದು ಹೇಳಿ ಕೂತುಬಿಟ್ಟೆ.

ಚಪ್ಪಾಳೆ ಬಿತ್ತು. ಮಂಜುನಾಥ ಹೆಗಲಿನ ಟವೆಲು ತೆಗೆದು ಮಡಚಿ ಕೆಳಗಿಳಿದು ಹೋದ. ಯಾರೋ ಬಿ.ಪಿ. ಇರಬೇಕೆಂದು ನಿಂಬೆ ಶರಬತ್ತು ತಂದರು. ನಾನೂ ಹೌದೆಂದೆ. ವಾರಿಜಕ್ಕನ ಮುಖ ನೋಡದೆ ಬಸ್ಸು ಹತ್ತಿದೆ.

ಕಾರಣ ಹುಡುಕಿ ಸೋತಿದ್ದೇನೆ. ವಾರಿಜಕ್ಕನೇ ಆಟ ಕಟ್ಟಿದರೇ? ತಮ್ಮ ಅಡುಗೆಯವನನ್ನು ತಾವೇ ಯಾಕೆ ಓಡಿಸಿಕೊಳ್ಳುತ್ತಾರೆ? ಹಸಿವೆಯ ಭ್ರಮೆ ಎನ್ನೋಣವೆಂದರೆ, ಹೊಟ್ಟೆ ತುಂಬಿತ್ತಲ್ಲ. ದನಿ, ದೋಸೆ ಎಲ್ಲ ಹಾಗಿರಲಿ. ಒಂದು ಮಾತು ಓದಲೆಂದು ಕರೆಸಿದ್ದರು. ಓದಬಹುದಿತ್ತು. ಸುಳ್ಳೇ ಆಗಿದ್ದರೂ ಓದಬಹುದಿತ್ತು.

ವಾರ ಕಳೆದು ಫೋನು ಬಂತು. ಮಂಜುನಾಥ ಊರಿಗೆ ಹೋದನಂತೆ. ಹೋಟೆಲನ್ನು ಯಾರಿಗೋ ವಹಿಸಿಕೊಡುವ ಮಾತು ನಡೆದಿದೆಯಂತೆ. ನಾನು ಕ್ಷಮೆಯ ಮಾತು ಜೋಡಿಸುತ್ತಿದ್ದೆ.

"ಬಿಡಿ ಸರ್, ನೀವೆಂತ ಮಾಡ್ತೀರಿ" ಎಂದರು. ಆಮೇಲೆ ಮೆಲ್ಲಗೆ ಕೇಳಿದರು: "ದೋಸೆ ಹೇಗಿತ್ತು?"

ದೋಸೆಯ ವಿಷಯ ನಾನು ಹೆಂಡತಿಗೂ ಹೇಳಿರಲಿಲ್ಲ. ಅಂಥ ದೋಸೆ ನಾನು ತಿಂದಿರಲಿಲ್ಲ, ಆಮೇಲೂ ತಿಂದಿಲ್ಲ. ಚಲೋ ಇದ್ದದ್ದನ್ನು ಚಲೋ ಎನ್ನುವುದಾದರೂ ವಿಮರ್ಶಕನಿಂದ ಆಗಬೇಕಲ್ಲ. ಅದೂ ಆಗಲಿಲ್ಲ. ಸಿಗ್ನಲ್ ಸಿಗವಲ್ದ್ರಿ ಅಕ್ಕಾರ ಎಂದು ಫೋನು ಇಟ್ಟೆ.