ಕನ್ನಡಿ ಮುಚ್ಚಿದ ಕನ್ನಡಕದಂಗಡಿ

"ಅಮ್ಮಾ, ಕನ್ನಡಕದ ಮಾವ ಕನ್ನಡಿಗೆಲ್ಲ ಯಾಕೆ ಬಟ್ಟೆ ಹೊದಿಸಿದಾರೆ? ಅವರ ಮುಖ ಕಂಡ್ರೆ ಅವರಿಗೇ ಭಯಾನಾ?"

ಕೇಳಿದ್ದು ಆರು ವರ್ಷದ ಹುಡುಗಿ. ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಮೂಗಿನ ತುದಿಗೆ ಜಾರಿದ್ದ ಕನ್ನಡಕವನ್ನು ಒಂದು ಬೆರಳಿನಿಂದ ಮೇಲಕ್ಕೆ ನೂಕುತ್ತಾ, ಒಳಗಿದ್ದವರಿಗೆಲ್ಲ ಕೇಳುವ ಹಾಗೆ. ತಾಯಿ 'ಶ್' ಎಂದು ಅವಳ ಕೈ ಜಗ್ಗಿದಳು. ಕೌಂಟರಿನ ಹಿಂದೆ ಕೂತಿದ್ದವರು ಕೇಳಿಸಿದರೂ ಕೇಳಿಸದವರಂತೆ ಒಂದು ಫ್ರೇಮನ್ನು ಒರೆಸುತ್ತಲೇ ಇದ್ದರು. ಮಗು ಹೇಳಿದ್ದು ಅರ್ಧ ಸರಿಯಾಗಿತ್ತು. ಭಯವಂತೂ ಇತ್ತು. ಮುಖದ್ದಲ್ಲ, ಅಷ್ಟೇ.

ಆ ಬೀದಿಯಲ್ಲಿ ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡವರಲ್ಲಿ ಮುಕ್ಕಾಲು ಪಾಲು ಜನ ಅವರ ಕೈಯಿಂದ ಹಾದುಹೋದವರೇ. ಮೂವತ್ತೊಂದು ವರ್ಷದಿಂದ ಅದೇ ಸ್ಟೂಲು, ಅದೇ ಸಣ್ಣ ಸ್ಕ್ರೂಡ್ರೈವರು, ಎದುರು ಗೋಡೆಯಲ್ಲಿ ಅದೇ ಅಕ್ಷರದ ಬೋರ್ಡು: ಮೇಲೆ ಅಂಗೈಯಗಲದ ಒಂದಕ್ಷರ, ಇಳಿಯುತ್ತಾ ಇಳಿಯುತ್ತಾ ಕೊನೆಗೆ ಇರುವೆಸಾಲು. ಯಾರಾದರೂ ಮೆಟ್ಟಿಲು ಹತ್ತುವಾಗ ಕಾಲಿಡುವ ರೀತಿ ನೋಡಿಯೇ "ಎಡಗಣ್ಣು ಅಲ್ವೇ?" ಎನ್ನುತ್ತಿದ್ದರು. ಕಣ್ಣಿನ ವಿಷಯದಲ್ಲಿ ಮಾತ್ರ ಅವರಿಗೆ ತಮಾಷೆ ಇರಲಿಲ್ಲ. "ಇದು ಕನ್ನಡಕದಿಂದ ಹೋಗೋದಲ್ಲ. ಇವತ್ತೇ ಆಸ್ಪತ್ರೆಗೆ ಹೋಗಿ. ನಾಳೆ ಅನ್ಬೇಡಿ," ಎಂದು ಎಷ್ಟೋ ಜನರನ್ನು ಗದರಿಸಿ ಕಳಿಸಿದ್ದರು.

ಅಂಥವರ ಬಲಗಣ್ಣಿನ ನಟ್ಟನಡುವೆ ಮೂರು ತಿಂಗಳ ಹಿಂದೆ ಒಂದು ಮಸುಕು ಬಂದು ಕೂತಿತು. ಯಾರೋ ಹೆಬ್ಬೆಟ್ಟು ಒತ್ತಿಹೋದ ಹಾಗೆ. ಮೊದಲು ಕನ್ನಡಕ ಒರೆಸಿದರು. ಲೆನ್ಸು ಬದಲಾಯಿಸಿದರು. ಮತ್ತೆ ಒರೆಸಿದರು. ಹೆಬ್ಬೆಟ್ಟಿನ ಗುರುತು ಗಾಜಿನಲ್ಲಿಲ್ಲ, ಕಣ್ಣಿನೊಳಗಿದೆ ಎಂದು ತಿಳಿದ ದಿನ ಹಳೇ ಲೆನ್ಸನ್ನೇ ವಾಪಸು ಕೂರಿಸಿಕೊಂಡರು. ಗೊತ್ತಿಲ್ಲದವರಾಗಿದ್ದರೆ ಆಸ್ಪತ್ರೆಗೆ ಹೋಗಿಬಿಡುತ್ತಿದ್ದರೋ ಏನೋ. ಆ ಮಸುಕಿಗೆ ಏನೇನು ಕಾರಣ ಇರಬಹುದು, ಯಾವುದರಲ್ಲಿ ಕಣ್ಣು ಉಳಿಯುತ್ತದೆ, ಯಾವುದರಲ್ಲಿ ಹೋಗುತ್ತದೆ, ಒಂದು ಹೋದರೆ ಇನ್ನೊಂದು ಎಷ್ಟು ದಿನ, ಎಲ್ಲ ಗೊತ್ತಿತ್ತು. ಆದ್ದರಿಂದಲೇ ಹೋಗಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಬದಲಿಗೆ ಮೀನು ನೋಡತೊಡಗಿದರು.

ಮೀನು ತಂದುಕೊಟ್ಟವರು ಹೆಂಡತಿಯೇ. "ದಿನವಿಡೀ ಆ ಮೂಲೇಲಿ ಕೂತು ಗಾಜು ಉಜ್ಜುತೀರ. ಒಂದು ಜೀವ ಅಂತ ಜೊತೆಗಿರಲಿ," ಎಂದು ಹೋದ ವರ್ಷ ಒಂದು ಫೈಟರ್ ಮೀನು ತಂದಿದ್ದರು. ಹೆಬ್ಬೆರಳಿನಷ್ಟು ದೇಹ, ನೀಲಿ ಮೈ, ಸೀರೆಯ ಸೆರಗಿನಂತೆ ಇಳಿಬಿದ್ದ ಕೆಂಪು ಬಾಲ. ಗತ್ತು ನೋಡಿ 'ಪೈಲ್ವಾನ' ಎಂಬ ಹೆಸರು ತಾನಾಗಿ ಬಂತು. ಈಗ ಅದೇ ಅವರ ಗುಟ್ಟಿನ ಬೋರ್ಡಾಯಿತು. ದಿನಾ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಬಲಗಣ್ಣಲ್ಲಿ ಬಾಲದ ಗೆರೆ ಎಣಿಸುವುದು. ಎಣಿಕೆಗೆ ಸಿಕ್ಕರೆ ಆ ದಿನ ಬದುಕಿದಂತೆ. ಸಿಗದಿದ್ದಾಗ ತೊಟ್ಟಿಯ ಮೇಲಿನ ಬಲ್ಬು ಬದಲಾಯಿಸಿದರು. ಮತ್ತೂ ಸಿಗದಿದ್ದಾಗ ಅದಕ್ಕಿಂತ ಪ್ರಖರವಾದದ್ದು ತಂದರು.

ಆಗಿನಿಂದ ಪೈಲ್ವಾನ ಕೆಟ್ಟ. ಕಿವಿರು ಉಬ್ಬಿಸಿಕೊಂಡು, ಬಾಲ ಬೀಸಣಿಗೆ ಮಾಡಿಕೊಂಡು ಗಾಜಿಗೆ ನುಗ್ಗುವುದು, ಮೂತಿ ಬಡಿದುಕೊಳ್ಳುವುದು, ತಿರುಗಿ ಆ ಕಡೆಯ ಗಾಜಿಗೆ ನುಗ್ಗುವುದು. ಕಾಳು ಹಾಕಿದರೆ ಮುಟ್ಟುತ್ತಿರಲಿಲ್ಲ. ಮೈಯ ನೀಲಿ ಒಗೆದ ಬಟ್ಟೆಯಂತೆ ತೆಳುವಾಯಿತು. ಇವರು ಗಾಬರಿಬಿದ್ದು ಪೂರ್ತಿ ನೀರು ಚೆಲ್ಲಿ ಹೊಸದು ತುಂಬಿದರು. ಅದು ತಳದಲ್ಲಿ ಒರಗಿಕೊಂಡಿತು.

ಮೀನು ಮಾರುವವನಿಗೆ ಫೋನು ಮಾಡಿದರೆ ಅವನು ನಕ್ಕ. "ಸಾರ್, ನಿಮ್ದು ಕನ್ನಡಕದಂಗಡಿ ತಾನೆ? ಎಲ್ಲಿ ನೋಡಿದ್ರೂ ಕನ್ನಡಿ. ಅದಕ್ಕೆ ತನ್ನ ಬಿಂಬ ಅಂತ ಗೊತ್ತಾಗಲ್ಲ ಸಾರ್, ಇನ್ನೊಬ್ಬ ಗಂಡು ಬಂದು ತನ್ನ ಜಾಗಕ್ಕೆ ಕಣ್ಣು ಹಾಕಿದಾನೆ ಅನ್ಕೊಳತ್ತೆ. ಗಳಿಗೆ ಹೊತ್ತು ಆದ್ರೆ ತೊಂದ್ರೆಯಿಲ್ಲ. ದಿನಪೂರ್ತಿ ಜಗಳ ಆಡಿದ್ರೆ ಯಾರು ಉಳೀತಾರೆ ಹೇಳಿ?"

ಅಂದೇ ಅಂಗಡಿಯ ಎಲ್ಲ ಕನ್ನಡಿಗೂ ಲೆನ್ಸು ಒರೆಸುವ ಹಳದಿ ಬಟ್ಟೆ ಬಿತ್ತು. ಗೋಡೆಯ ನಿಲುಗನ್ನಡಿಗೆ ಹಳೇ ಬೆಡ್‌ಶೀಟು. ಗಿರಾಕಿಗಳಿಗೆ ಒಳ್ಳೆ ಫಜೀತಿ.

"ಈ ಫ್ರೇಮು ನಂಗೆ ಒಪ್ಪತ್ತಾ ಅಂತ ಹೆಂಗ್ರೀ ನೋಡ್ಕೊಳ್ಳಿ?" ಎಂದರು ನಿವೃತ್ತ ಮೇಷ್ಟ್ರೊಬ್ಬರು.

"ನಾನು ಹೇಳ್ತೀನಲ್ಲ, ಚೆನ್ನಾಗಿದೆ."

"ನೀವು ಮಾರೋರು. ಚೆನ್ನಾಗಿಲ್ಲ ಅಂತೀರಾ?"

ಎಲ್ಲರೂ ನಕ್ಕರು, ಅವರೂ ನಕ್ಕರು. ನಗುವಾಗಲೂ ಕಣ್ಣು ಮೂಲೆಯ ತೊಟ್ಟಿಯ ಕಡೆಗೇ. ಕನ್ನಡಿಗಳು ಮುಚ್ಚಿದ್ದರಿಂದ ಅಂಗಡಿ ಮಬ್ಬಾಗಿತ್ತು, ಬೆಳಗುತ್ತಿದ್ದದ್ದು ತೊಟ್ಟಿಯೊಂದೇ. ಪೈಲ್ವಾನ ಸುಮ್ಮನಾಗಲಿಲ್ಲ. ಇನ್ನೂ ಹೆಚ್ಚಾಯಿತು. ಬಾಲ ಹರಿದಿದೆಯೋ ಇಲ್ಲವೋ ನೋಡಲು ಪಕ್ಕದಲ್ಲಿ ಇನ್ನೊಂದು ಟೇಬಲ್ ಲ್ಯಾಂಪು ಇಟ್ಟರು. ಎಡಗಣ್ಣು ಮುಚ್ಚಿದರೆ ಬಾಲವೇ ಇಲ್ಲ. ತೆರೆದರೆ ದೀಪ ಆ ಕಣ್ಣನ್ನೂ ಕುಕ್ಕುತ್ತಿತ್ತು. ಮೀನಿನದು ಹರಿದಿದೆಯೋ, ತಮ್ಮ ಕಣ್ಣೇ ನುಂಗಿದೆಯೋ? ಕೇಳುವುದು ಯಾರನ್ನು? ಕೇಳಿದರೆ "ಯಾಕೆ, ನಿಮಗೆ ಕಾಣಲ್ವಾ?" ಎಂಬ ಮಾತು ಬಂದೇ ಬರುತ್ತದೆ. ಮೀನು ಸತ್ತರೆ ತಮ್ಮ ಕಣ್ಣಿಗೂ ತೆರೆ ಬಿದ್ದಂತೆ ಎಂಬ ಯೋಚನೆ ಯಾವಾಗ ಒಳಗೆ ಹೊಕ್ಕಿತೋ, ಓಡಿಸಿದಷ್ಟೂ ಬಂದು ಕೂರುತ್ತಿತ್ತು.

ತಾಯಿ ಮಗಳು ಬಂದದ್ದು ಹಾಗಿರುವಾಗ. ಕನ್ನಡಕದ ಕಡ್ಡಿ ಸಡಿಲವಾಗಿತ್ತು, ಅಷ್ಟೇ ಕೆಲಸ.

"ಕೊಡು ಪುಟ್ಟಿ. ಮತ್ತೆ ಇದನ್ನ ಹಾಕ್ಕೊಂಡೇ ಮಲಗಿದ್ಯಾ?"

"ಕನಸು ಸರಿಯಾಗಿ ಕಾಣಲಿ ಅಂತ, ಮಾವ."

ನಗುತ್ತಲೇ ಸ್ಕ್ರೂ ಬಿಚ್ಚಿದರು. ಸಾಸಿವೆಯಷ್ಟು ಸ್ಕ್ರೂ ಬೆರಳಿಂದ ಜಾರಿತು. ನಗು ನಿಂತಿತು. ಆ ಮಬ್ಬಿನಲ್ಲಿ ಕೌಂಟರಿನ ಮೇಲೆ ತಡಕಾಡಿದರು, ಟ್ರೇ ಎತ್ತಿ ನೋಡಿದರು. ಅದು ಕೈಬೆರಳಿನಿಂದ ಒಂದಂಗುಲ ದೂರದಲ್ಲೇ ಬಿದ್ದಿತ್ತು. ತಾಯಿಗೆ ಕಾಣುತ್ತಿತ್ತು. ಹೇಳಲೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ಉಗುರಿನಿಂದ ಮೆಲ್ಲಗೆ ಅವರ ಬೆರಳ ಕಡೆ ತಳ್ಳಿದಳು. ಅವರು ಮುಖ ಎತ್ತಲಿಲ್ಲ.

ಅಷ್ಟರಲ್ಲಿ ಹುಡುಗಿ ತೊಟ್ಟಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ಗಾಜಿಗೆ ಮೂಗು ಹಚ್ಚುವಷ್ಟು ಹತ್ತಿರ ಬಗ್ಗಿದ್ದಳು.

"ಮಾವ, ಇನ್ನೊಬ್ಬ ಪೈಲ್ವಾನನ್ನ ಯಾವಾಗ ತಂದ್ರಿ?"

"ಒಬ್ಬನೇ ಇರೋದು ಪುಟ್ಟಿ. ತನ್ನ ಬಿಂಬ ನೋಡಿ ಜಗಳ ಆಡ್ತಾನೆ ಅಂತಲೇ ಕನ್ನಡಿ ಮುಚ್ಚಿರೋದು."

"ಇಲ್ಲ, ಇಬ್ಬರು. ಒಬ್ಬ ನೀರಲ್ಲಿ, ಒಬ್ಬ ಗಾಜಲ್ಲಿ. ನೋಡಿ, ಗುದ್ದಾಡ್ತಿದಾರೆ!"

ತಾಯಿಯೂ ಮಗಳ ಎತ್ತರಕ್ಕೆ ಬಗ್ಗಿದಳು. ನಿಂತವರಿಗೆ ಕಾಣದ್ದು ಅಲ್ಲಿ ಢಾಳಾಗಿ ಕಂಡಿತು. ಹೊರಗೆ ಮಬ್ಬು, ಒಳಗೆ ಕಣ್ಣು ಕುಕ್ಕುವ ದೀಪ. ತೊಟ್ಟಿಯ ಪಕ್ಕದ ಗಾಜು, ಹಿಂದಿನ ಗಾಜು, ಒಂದೊಂದರಲ್ಲೂ ಒಬ್ಬೊಬ್ಬ ಪೈಲ್ವಾನ ಕಿವಿರು ಉಬ್ಬಿಸಿ ನಿಂತಿದ್ದ.

"ಅಣ್ಣಾ, ಗೋಡೆ ಕನ್ನಡಿ ಅಲ್ಲ, ಈ ದೀಪಾನೇ. ಇಷ್ಟು ಬೆಳಕು ಯಾಕೆ ಇದಕ್ಕೆ?"

"ಕಾಣಬೇಡ್ವೇನಮ್ಮ?" ಅವರ ದನಿ ಸಿಡಿಯಿತು.

"ನಂಗೆ ಕಾಣತ್ತಲ್ಲ," ಎಂದಳು ಅವಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಹೊತ್ತು ಮುಳುಗಿದ ಮೇಲೆ ದೀಪ ಹಾಕಿದ ಬಸ್ಸಿನ ಕಿಟಕಿಯಲ್ಲಿ ಹೊರಗಿನ ರಸ್ತೆ ಕಾಣದೆ ನಮ್ಮ ಮುಖವೇ ಯಾಕೆ ಕಾಣುತ್ತದೆ ಎಂಬುದನ್ನು ಅವರು ಅದೇ ಕೌಂಟರಿನಲ್ಲಿ ಎಷ್ಟು ಗಿರಾಕಿಗಳಿಗೆ ಬಿಡಿಸಿ ಹೇಳಿದ್ದರೋ ಲೆಕ್ಕವಿಲ್ಲ. ಅದೇ ಸಂಗತಿ. ಗಾಜಿನಲ್ಲೇ ತಲೆ ನರೆತವರು ಗಾಜಿಗೆ ಮೋಸ ಹೋಗಿದ್ದರು. ಎದ್ದು ಹೋಗಿ ಎರಡೂ ದೀಪ ಆರಿಸಿದರು. ಪೈಲ್ವಾನ ಅರ್ಧ ದಾರಿಯಲ್ಲಿ ನಿಂತ. ಎದುರಾಳಿ ಎಲ್ಲಿ ಹೋದ ಎಂದು ಹುಡುಕುವವನಂತೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿದ. ಉಬ್ಬಿದ ಕಿವಿರು ನಿಧಾನಕ್ಕೆ ಮಡಚಿಕೊಂಡಿತು.

ಕನ್ನಡಿಗಳ ಬಟ್ಟೆ ತೆಗೆದರು. ಬಾಗಿಲು ಅಗಲ ಮಾಡಿದರು. ತಾಯಿ ಫ್ರೇಮಿನ ಡಬ್ಬಿಗಳ ರಟ್ಟು ಕತ್ತರಿಸಿ ತೊಟ್ಟಿಯ ಹಿಂದೆ, ಎರಡೂ ಪಕ್ಕ, ಹೊರಗಡೆಯಿಂದ ಅಂಟಿಸಿದಳು. ಮರುದಿನ ಒಂದು ಹಿಡಿ ನೀರುಗಿಡ ಬಂತು, ಅವಿತುಕೊಳ್ಳಲು ಬಾಯಗಲದ ಒಂದು ಕುಡಿಕೆ ಬಂತು. ನೀರನ್ನು ಇನ್ನು ಮೇಲೆ ಪೂರ್ತಿ ಚೆಲ್ಲದೆ ಕಾಲುಭಾಗ ಮಾತ್ರ ಬದಲಾಯಿಸುವುದು ಎಂದಾಯಿತು. ಮೀನು ಮಾತ್ರ ಕುಡಿಕೆಯಿಂದ ಹೊರಗೆ ಬರಲಿಲ್ಲ. ಒಂದು ದಿನ, ಎರಡು ದಿನ. ಕಾಳು ನೀರಲ್ಲಿ ನೆನೆದು ತಳ ಸೇರುತ್ತಿತ್ತು. ಅವರು ಗಿರಾಕಿಯ ಕಿವಿಗೆ ಕಡ್ಡಿ ಸಿಕ್ಕಿಸುತ್ತಾ ಮಾತು ಮರೆಯುತ್ತಿದ್ದರು.

ಐದನೆಯ ದಿನ ಶಾಲೆ ಬಿಟ್ಟ ಮೇಲೆ ಹುಡುಗಿ ಓಡಿಬಂದು ತೊಟ್ಟಿಯ ಮುಂದೆ ಕೂತಳು. "ತಿಂದ! ಮಾವ, ತಿಂದ! ಎರಡು ಕಾಳು! ಬಾಲದ ತುದೀಲಿ ಬಿಳಿ ಪೊರೆ ಥರ ಹೊಸದು ಬರ್ತಿದೆ."

ತಾಯಿಗೂ ಖುಷಿಯಾಯಿತು. ಸಾಮಾನಿನ ಪಟ್ಟಿ, ಮಗಳ ಮಾತು ಎಲ್ಲ ಗೀಚಿಡುವ ಸಣ್ಣ ಪುಸ್ತಕ ಚೀಲದಿಂದ ತೆಗೆದು, 'ಪೈಲ್ವಾನ ಎರಡು ಕಾಳು ತಿಂದ' ಎಂದು ಬರೆದಳು. ತಲೆ ಎತ್ತಿದಾಗ ಅವರು ತೊಟ್ಟಿಯ ಮುಂದೆ ಬಗ್ಗಿ ನಿಂತಿದ್ದರು. ಎಡಗಣ್ಣಿನ ಮೇಲೆ ಅಂಗೈ. ಹಾಗೇ ಬಹಳ ಹೊತ್ತು ನಿಂತರು. ಬಾಗಿಲಿನ ಬೆಳಕು ಧಾರಾಳವಾಗಿತ್ತು. ಮೀನು ಎದುರಿಗೇ ತೇಲುತ್ತಿತ್ತು. ಅವರಿಗೆ ಕಂಡದ್ದು ಬೂದು ಹೆಬ್ಬೆಟ್ಟಿನ ಗುರುತು, ಅದರ ಅಂಚಿನಲ್ಲಿ ಇಷ್ಟು ನೀಲಿ. ಮೀನು ಉಳಿಯಿತು. ಕಣ್ಣು ಮಾತ್ರ ಇದ್ದಲ್ಲೇ ಇತ್ತು. ಇನ್ನು ಬಲ್ಬು ಹಾಕುವ ಹಾಗಿಲ್ಲ, ನೆಪ ಹೇಳಿಕೊಳ್ಳುವ ಹಾಗಿಲ್ಲ.

ಸ್ಟೂಲಿಗೆ ಬಂದು ಕೂತರು.

"ಮನೇಲಿ ಹೇಳಿಲ್ಲ," ಎಂದರು, ಪೀಠಿಕೆಯಿಲ್ಲದೆ. "ಬಲಗಣ್ಣು. ಮೂರು ತಿಂಗಳಾಯ್ತು."

"ಅಣ್ಣಾ, ಬೇರೆಯವರಾಗಿದ್ರೆ ನೀವೇ ಬೈದು ಆಸ್ಪತ್ರೆಗೆ ಕಳಿಸ್ತಿದ್ರಿ."

"ಬೈತಿದ್ದೆ. ಅಲ್ಲಿ ಏನು ಹೇಳ್ತಾರೆ ಅಂತ ಗೊತ್ತಿದ್ದೇ ಬೈತಿದ್ದೆ. ಈಗ ಅದೇ ಮಾತು ನಂಗೆ ಹೇಳ್ತಾರಲ್ಲಮ್ಮ." ಎದುರು ಗೋಡೆಯ ಬೋರ್ಡಿನ ಕಡೆ ಗದ್ದ ಎತ್ತಿ ತೋರಿಸಿದರು. "ಆಸ್ಪತ್ರೆಗೆ ಹೋಗೋ ಮುಂಚೆ ಕಣ್ಣು ಎಷ್ಟು ಹೋಗಿದೆ ಅಂತ ನಂಗೆ ತಿಳೀಬೇಕು. ತಿಳಿದ್ರೆ ಕಾಲು ಏಳತ್ತೇನೋ. ಆದ್ರೆ ಆ ಬೋರ್ಡು ನಂಗೆ ಬಾಯಿಪಾಠ. ಎರಡೂ ಕಣ್ಣು ಮುಚ್ಕೊಂಡು ಕೊನೇ ಸಾಲು ತಿರುಗಮುರುಗ ಹೇಳ್ತೀನಿ. ಕಾಣತ್ತೋ, ನೆನಪಾಗತ್ತೋ, ನಂಗೇ ಗೊತ್ತಾಗ್ತಿಲ್ಲ."

ಹುಡುಗಿ ತೊಟ್ಟಿಯ ಮುಂದೆ ಮೀನಿಗೆ ಏನೋ ಪಿಸುಗುಟ್ಟುತ್ತಿದ್ದಳು.

"ಒಂದು ಉಪಕಾರ ಮಾಡ್ತೀಯಾ ತಾಯಿ?" ಎಂದರು. "ಆ ಪುಸ್ತಕದಿಂದ ಒಂದು ಹಾಳೆ ಹರಿದು, ನಿಂಗೆ ತೋಚಿದ ಅಕ್ಷರ ಬರಿ. ದೊಡ್ಡದರಿಂದ ಚಿಕ್ಕದಕ್ಕೆ. ನಂಗೆ ಹೇಳಬೇಡ, ಬೋರ್ಡಿನ ಮೇಲೆ ಅಂಟಿಸು. ನಾನು ಓದ್ತೀನಿ. ತಪ್ಪು ಓದಿದ್ರೆ, ಪಾಪ ಅಂತ ಮಾತ್ರ ಸರಿ ಅನ್ನಬೇಡ."