ಗೋಡೆಯ ಮೇಲಿನ ಪೆನ್ಸಿಲ್ ಗೆರೆಗಳು

ಕಳೆದ ವಾರ ನಮ್ಮ ಸಂಗ್ರಹಾಲಯಕ್ಕೆ ಹಂಪಿಯ ಹಳೆಯ ಸ್ಲೈಡುಗಳು ಬಂದವು. ಅವನ್ನು ನೋಡಲು ಯಾವ ಉಪಕರಣ ಬೇಕೆಂದು ಬರೆದುಕೊಡುವ ಕೆಲಸ ನನ್ನದು. ಉಗ್ರಾಣದಲ್ಲಿದ್ದ ಪ್ರೊಜೆಕ್ಟರ್ ಹಚ್ಚಿದೆ. ಬಲ್ಬು ಕಾದು, ಅದರ ಮೇಲಿನ ಧೂಳು ಸುಟ್ಟ ವಾಸನೆ ಬಂತು. ಆರಿಸಿದೆ. ಚಿಕ್ಕಂದಿನಲ್ಲಿ ಪಕ್ಕದ ಮನೆಯಲ್ಲಿದ್ದ ಕಾಕಾ ನೆನಪಾದರು.

ಹೊಸಪೇಟೆ ಹತ್ತಿರದ ತುಂಗಭದ್ರಾ ಡ್ಯಾಂ ಕ್ವಾರ್ಟರ್ಸ್‌ನಲ್ಲಿ ನಮ್ಮ ಎರಡೂ ಮನೆಗಳಿಗೆ ನಡುಗೋಡೆ ಒಂದೇ. ಕಾಲುವೆ ತೂಬುಗಳ ಫೋಟೊ ತೆಗೆಯುವುದು ಕಚೇರಿಯಲ್ಲಿ ಅವರ ಕೆಲಸ. ಅವರ ಮಗಳು ನನಗಿಂತ ಎರಡು ತಿಂಗಳು ದೊಡ್ಡವಳು. ಏಳನೇ ವಯಸ್ಸಿನಲ್ಲಿ ಜ್ವರ ಬಂದು ತೀರಿಕೊಂಡಳು. ಒಮ್ಮೆ ಸ್ಲೈಡ್ ರೀಲಿನ ಕೊನೆಗೆ ಉಳಿದ ಫ್ರೇಮಿನಲ್ಲಿ, ಮನೆಯ ಬಾಗಿಲಲ್ಲಿ ನಿಲ್ಲಿಸಿ ಅವಳ ಫೋಟೊ ತೆಗೆದಿದ್ದರು. ಇದ್ದದ್ದು ಅದೊಂದೇ.

ಪ್ರತಿ ಯುಗಾದಿಯ ಮರುದಿನ ಕಾಕಾ ನನ್ನನ್ನು ತಮ್ಮ ಪಡಸಾಲೆಯ ಗೋಡೆಗೆ ನಿಲ್ಲಿಸಿ, ತಲೆಯ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆಯುತ್ತಿದ್ದರು.

"ಎರಡು ಬಟ್ಟು ಬೆಳದಿಯಲ್ಲವ್ವ! ನಿಮ್ಮವ್ವ ರೊಟ್ಟಿ ಹಾಕ್ತಾಳೋ, ಯೂರಿಯಾ ಹಾಕ್ತಾಳೋ?"

ನಾನು ನಗುತ್ತಿದ್ದೆ. ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯೇ ಇರಬೇಕು...

ನಾನು ಎಂ.ಎ. ಓದುವಾಗ, ಮಗಳ ಸ್ಲೈಡ್ ನೋಡುತ್ತಿದ್ದ ಅವರ ಪ್ರೊಜೆಕ್ಟರ್ ಕೆಟ್ಟಿತು. ಹೊಸಪೇಟೆಯ ಸ್ಟುಡಿಯೊ ಒಂದರಲ್ಲಿ ಎರಡು ಹಳೆಯ ಉಪಕರಣಗಳಿದ್ದವು: ಕಣ್ಣಿಗೆ ಹಿಡಿದು ನೋಡುವ ಸಣ್ಣ ವ್ಯೂವರ್, ಇನ್ನೊಂದು ದೊಡ್ಡ ಪ್ರೊಜೆಕ್ಟರ್. ಆರಿಸಲು ನನ್ನನ್ನು ಕರೆದೊಯ್ದರು. ಅವರು ತಂದಿದ್ದ ಆ ಸ್ಲೈಡನ್ನು ಬೆಳಕಿಗೆ ಹಿಡಿದು ನೋಡಿದೆ. ಫ್ರಾಕಿನ ಕೆಂಪು ಆಗಲೇ ಮಾಸಿತ್ತು.

"ವ್ಯೂವರ್ ತಗೋರಿ ಕಾಕಾ. ಆ ಬಲ್ಬಿನ ಬೆಳಕಿಗೆ ಬಣ್ಣ ಹೋಗತೈತ್ರಿ. ಹಿಂಗ ಹಚ್ಕೋಂತ ಹೋದ್ರ ಚಿತ್ರಾನ ಉಳಿಯಂಗಿಲ್ಲ."

ಅವರು ವ್ಯೂವರಿನಲ್ಲಿ ಇಣುಕಿ, ಕೆಳಗಿಟ್ಟರು.

"ಬ್ಯಾಡವ್ವ. ಇದರಾಗ ಆಕಿ ಸಣ್ಣಾಕಿನ ಉಳೀತಾಳ."

ನನಗೆ ಅರ್ಥವಾಗಲಿಲ್ಲ. ಪ್ರೊಜೆಕ್ಟರನ್ನು ಆಟೊದಲ್ಲಿ ತಂದೆವು. ಮಧ್ಯಾಹ್ನ ಅವರು ಕಿಟಕಿಗೆ ಕಂಬಳಿ ಕಟ್ಟಿ, ಪಡಸಾಲೆಯ ಜಮಖಾನ ಸುತ್ತಿಟ್ಟರು. ಕೆಳಗೆ ನೆಲದ ಮೇಲೆ ಬಣ್ಣದ ಗುರುತುಗಳು, ಒಂದೊಂದರ ಪಕ್ಕ ಒಂದೊಂದು ಇಸವಿ. ಪ್ರೊಜೆಕ್ಟರ್ ಇಡುವ ಸ್ಟೂಲನ್ನು ವರ್ಷವರ್ಷವೂ ಅಷ್ಟಷ್ಟು ಹಿಂದೆ ಸರಿಸುತ್ತ, ಗೋಡೆಯ ಮೇಲೆ ಮೂಡುವ ಹುಡುಗಿಯನ್ನು ನನ್ನ ಗೆರೆಯವರೆಗೆ ಬೆಳೆಸುತ್ತ ಬಂದಿದ್ದರು.

ಹಚ್ಚಿದರು. ಏಳು ವರ್ಷದ ಮುಖ ನನ್ನ ಎತ್ತರದಲ್ಲಿ ನಿಂತು ನನ್ನನ್ನೇ ನೋಡಿತು.

"ಗೋಡಿಗೆ ನಿಂದ್ರು ತಂಗಿ. ಮಿಷಿನ್ ಬ್ಯಾರೆ ಐತಿ, ಅಳತಿ ನೋಡೂನು."

ನಿಂತೆ. ಅವಳ ಫ್ರಾಕು ನನ್ನ ಮೈಮೇಲೆ ಬಿತ್ತು, ಅವಳ ಕಣ್ಣು ನನ್ನ ಕಣ್ಣಿನ ಮೇಲೆ. ಬೆಳಕಿನಾಚೆ ಕಾಕಾ ಕಾಣುತ್ತಿರಲಿಲ್ಲ.

"ಸರೀಬ್ಯಾಡ. ಬರೋಬ್ಬರಿ ಕುಂತೈತಿ."

ಆಮೇಲೆ ಮಗಳ ಹೆಸರು ಹಿಡಿದು ಕರೆದರು. ನಾನು ಓಗೊಟ್ಟೆ. ಯಾಕೆ ಎಂದು ಇಂದಿಗೂ ಗೊತ್ತಿಲ್ಲ...

ಕಾಕಾ ಹೋಗಿ ಮೂರು ವರ್ಷವಾಯಿತು. ಸ್ಲೈಡನ್ನು ನನಗೇ ಕೊಟ್ಟುಹೋದರು. ಕ್ವಾರ್ಟರ್ಸ್‌ಗೆ ಬೇರೆಯವರು ಬಂದು ಗೋಡೆಗೆ ಸುಣ್ಣ ಬಳಿದಿದ್ದಾರೆ.

ಪ್ರೊಜೆಕ್ಟರ್ ಬೇಡ, ಅಡಿಯಿಂದ ತಣ್ಣನೆಯ ಬೆಳಕು ಬರುವ ಲೈಟ್ ಬಾಕ್ಸ್ ಮತ್ತು ಭೂತಗನ್ನಡಿ ಸಾಕು ಎಂದು ಬರೆದುಕೊಟ್ಟೆ. ನಿನ್ನೆ ಅವು ಬಂದವು. ಮೊದಲು ಇಟ್ಟು ನೋಡಿದ್ದು ಕಾಕಾನ ಸ್ಲೈಡನ್ನು. ಬಾಗಿಲಿನ ಚೌಕಟ್ಟು ಇನ್ನೂ ಕಾಣುತ್ತದೆ. ಅವಳು ನಿಂತಿದ್ದ ಜಾಗ ಬಿಳಿ.

ಅವಳಿಗೀಗ ಐದು ಅಡಿ ಎರಡು ಅಂಗುಲ. ನನ್ನಷ್ಟೇ.